ಕಸ ಹೆಕ್ಕಿದ್ದು ಸರಿ, ಲೆಕ್ಕ ಕೇಳಿದ್ರಾ?

ನದಿ ದಂಡೆಯಲ್ಲೋ ಸಮುದ್ರ ತೀರದಲ್ಲೋ ಕೈಗವಸು ಹಾಕಿಕೊಂಡು ಕಸ ಹೆಕ್ಕುವ ಫೋಟೋಗಳು ಈಗ ಎಲ್ಲೆಲ್ಲೂ ಇವೆ. ಒಳ್ಳೆಯದೇ. ಆದರೆ ಹೊಲಸು ಬಿಡುವ ಪೈಪು ಮಾತ್ರ ಆ ಫೋಟೋಗಳಲ್ಲಿ ಕಾಣಿಸುವುದಿಲ್ಲ. ಅದು ಯಾರದ್ದು, ದಿನಕ್ಕೆ ಎಷ್ಟು ಬಿಡುತ್ತಾರೆ, ಅದರಲ್ಲಿ ಏನೇನಿದೆ ಅಂತ ಕೇಳುವವರು ಕಡಿಮೆ. ನನಗೆ ಕೇಳಿದರೆ ಹೆಕ್ಕುವುದು ಶ್ರಮದಾನ, ಕೇಳುವುದು ಹೋರಾಟ.

ಹಾಗಂತ ಹೆಕ್ಕಿದ್ದು ದಂಡ ಅಂತಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರ ಸ್ವಚ್ಛ ಮಾಡಲು ಬಂದವರು ಚೀಲ ತುಂಬಿ ಸುಮ್ನೆ ಮನೆಗೆ ಹೋಗಲಿಲ್ಲ, ಏನು ಸಿಕ್ಕಿತು, ಎಷ್ಟು ಸಿಕ್ಕಿತು ಅಂತ ಕಾರ್ಡಿನಲ್ಲಿ ಬರೆದುಕೊಂಡರು. ಹಡಗುಗಳಿಂದ ಎಸೆದ ಕಸ ಎಷ್ಟಿದೆ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಹಡಗಿನಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯಬಾರದು ಅನ್ನುವ ಅಂತರರಾಷ್ಟ್ರೀಯ ನಿಯಮ 1988ರ ಕೊನೆಗೆ ಜಾರಿಗೆ ಬಂತು. ಆ ಕಾರ್ಡುಗಳಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ವಾದ ಮಾಡುವವರ ಕೈಯಲ್ಲಿ ಲೆಕ್ಕ ಇತ್ತು.

ಲೆಕ್ಕ ಇಲ್ಲದಿದ್ದರೆ ಏನಾಗುತ್ತೆ ಅಂತ ನೋಡಲು ಜಪಾನಿನ ಮಿನಮಾಟಾ ಸಾಕು. ಅಲ್ಲಿನ ಕೊಲ್ಲಿಗೆ ಚಿಸ್ಸೊ ಕಂಪನಿಯ ಕಾರ್ಖಾನೆ ಪಾದರಸ ಸೇರಿದ ನೀರು ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸಾಯುವುದನ್ನು ಮೀನುಗಾರರು ನೋಡಿದ್ದರು. ಮನುಷ್ಯರಿಗೆ ಬಂದ ರೋಗ ಅಧಿಕೃತವಾಗಿ ದಾಖಲಾಗಿದ್ದು 1956ರಲ್ಲಿ. 1959ರಲ್ಲಿ ಕಂಪನಿ ಆಸ್ಪತ್ರೆಯ ವೈದ್ಯರೇ ಆ ಹೊಲಸನ್ನು ಬೆಕ್ಕಿಗೆ ತಿನ್ನಿಸಿ ನೋಡಿದರು, ಅದಕ್ಕೂ ಅದೇ ರೋಗ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಸಾಲದ್ದಕ್ಕೆ ಅದೇ ವರ್ಷ ನೀರು ಶುದ್ಧ ಮಾಡುವ ಯಂತ್ರ ಹಾಕಿ ಸಮಾರಂಭ ಬೇರೆ ಮಾಡಿತು. ನೀರಲ್ಲಿ ಕರಗಿದ ಪಾದರಸ ತೆಗೆಯುವ ಕೆಲಸ ಆ ಯಂತ್ರದ್ದಾಗಿರಲೇ ಇಲ್ಲ. ಬರೀ ಕಣ್ಣೊರೆಸುವ ತಂತ್ರ. ವಿಷ ಬಿಡುವುದು ನಿಂತಿದ್ದು 1968ರಲ್ಲಿ!

ಆಮೇಲೆ ಅಲ್ಲಿನ ಜನ ಮಾಡಿದ್ದು ನನಗೆ ಬಹಳ ಇಷ್ಟ. 1970ರಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಅದೇ ಕಂಪನಿಯ ಒಂದೊಂದು ಷೇರು ಕೊಂಡು, ಷೇರುದಾರರ ಸಭೆಗೇ ಹೋಗಿ ಕಂಪನಿಯ ಅಧ್ಯಕ್ಷರನ್ನು ಎದುರೆದುರೇ ಕೇಳಿದರು. ಷೇರುದಾರರನ್ನು ಗೇಟಿನಲ್ಲಿ ತಡೆಯೋದು ಹೇಗೆ, ಅಲ್ವಾ? 1973ರಲ್ಲಿ ಕೋರ್ಟಿನಲ್ಲೂ ಗೆದ್ದರು.

ಅಮೆರಿಕದ ಕಯಹೋಗ ನದಿಯದ್ದು ಇನ್ನೊಂದು ಥರ. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ, ಕಸ ಹೊತ್ತಿಕೊಂಡು ನದಿಗೇ ಬೆಂಕಿ ಬಿದ್ದಿತ್ತು, ಅದೂ ಒಂದು ಸಲ ಅಲ್ಲ, ಎಷ್ಟೋ ಸಲ. 1969ರ ಬೆಂಕಿ ಅವುಗಳಲ್ಲಿ ದೊಡ್ಡದೇನೂ ಅಲ್ಲ. ಆದರೆ ಆ ಸಲ ಕ್ಲೀವ್‌ಲ್ಯಾಂಡಿನ ಮೇಯರ್ ಕಾರ್ಲ್ ಸ್ಟೋಕ್ಸ್ ಮಾರನೇ ದಿನವೇ ಪತ್ರಕರ್ತರನ್ನು ನದಿ ಹತ್ತಿರ ಕರೆದುಕೊಂಡು ಹೋದರು. 1972ರಲ್ಲಿ ಬಂದ ಶುದ್ಧ ನೀರಿನ ಕಾನೂನಿನ ಪ್ರಕಾರ ನದಿಗೆ ಪೈಪು ಬಿಟ್ಟವರು ಪರವಾನಗಿ ತೆಗೆದುಕೊಳ್ಳಬೇಕು, ಏನು ಬಿಡುತ್ತೇವೆ ಅಂತ ತಾವೇ ವರದಿ ಕೊಡಬೇಕು, ಮಿತಿ ಮೀರಿದರೆ ಸಾಮಾನ್ಯ ಜನರೂ ಕೇಸು ಹಾಕಬಹುದು. ಕಂಪನಿ ಬರೆದುಕೊಟ್ಟ ಕಾಗದವೇ ಕಂಪನಿ ಮೇಲೆ ಸಾಕ್ಷಿ.

ಲೆಕ್ಕ ನಮ್ಮದಾದರೆ ಅದೂ ಸರಿಯಿರಬೇಕು. 1995ರಲ್ಲಿ ಬ್ರೆಂಟ್ ಸ್ಪಾರ್ ಅನ್ನುವ ಹಳೇ ತೈಲ ಸಂಗ್ರಹಾಗಾರವನ್ನು ಸಮುದ್ರದಲ್ಲಿ ಮುಳುಗಿಸುವುದರ ವಿರುದ್ಧ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆ ಹೋರಾಡಿತು, ಶೆಲ್ ಕಂಪನಿ ಹಿಂದೆ ಸರಿಯಿತು. ಆದರೆ ಒಳಗೆ 5,500 ಟನ್ ತೈಲ ಇದೆ ಅಂದಿದ್ದ ಗ್ರೀನ್‌ಪೀಸ್ ಅಂದಾಜು ತಪ್ಪಾಗಿ, ಕ್ಷಮೆ ಕೇಳಬೇಕಾಯಿತು. ಇಂಥ ಒಂದು ತಪ್ಪು ಸಿಕ್ಕರೆ ಎದುರಿನವರು ವರ್ಷಗಟ್ಟಲೆ ಅದನ್ನೇ ಎತ್ತಿ ಆಡುತ್ತಾರೆ.

ನೀವೂ ಕೇಳಲು ಹೊರಟಿದ್ದರೆ, 'ನದಿ ಉಳಿಸಿ' ಅಂತ ಮನವಿ ಕೊಡಬೇಡಿ. ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನೂ ಮಾಡಬೇಕಾಗಿಲ್ಲ. ಪರವಾನಗಿಯ ಪ್ರತಿ ಕೇಳಿ. ಪೈಪಿಗಿಂತ ಮೇಲೆ ಒಂದು, ಕೆಳಗೆ ಒಂದು, ಎರಡೂ ಕಡೆ ನೀರು ಪರೀಕ್ಷೆ ಮಾಡಿ ಅನ್ನಿ. ಕೆಳಗೆ ಮಾತ್ರ ಮಾಡಿದರೆ 'ಹೊಲಸು ಮೇಲಿಂದಲೇ ಬಂತು' ಅನ್ನುತ್ತಾರೆ. ಹಗಲು ಹೊತ್ತಿನ ಒಂದು ಬಾಟಲಿ ನೀರಿಗೆ ಒಪ್ಪಬೇಡಿ, ರಾತ್ರಿ ಮಳೆಯಲ್ಲಿ ಬಿಟ್ಟದ್ದು ಬೆಳಗ್ಗೆ ಹೊತ್ತಿಗೆ ಕೊಚ್ಚಿಹೋಗಿರುತ್ತೆ. ಪೈಪಿನ ಬಾಯಿಗೇ ದಿನವಿಡೀ ಅಳೆಯುವ ಮೀಟರ್ ಬೇಕು, ಅದರ ಅಂಕಿ ಎಲ್ಲರಿಗೂ ಕಾಣಬೇಕು.