ಕೆಲಸ ಹೋತಂತ ನಿಮ್ಮ ರೊಕ್ಕಾನೂ ಬಿಟ್ಟು ಬರಬ್ಯಾಡ್ರಿ

ನಮ್ಮ ಬೆಳಗಾವಿಯ ಕಾರ್ಖಾನಿಗಳ ಏರಿಯಾ ಉದ್ಯಮಬಾಗದಾಗ ಯಾವ ಫೌಂಡ್ರಿ, ಅಂದ್ರ ಲೋಹ ಕರಗಿಸಿ ಎರಕ ಹೊಯ್ಯೋ ಕಾರ್ಖಾನಿ, ಚಲೋ ನಡದೈತಿ, ಯಾವದು ಕುಂಟಾಕತ್ತೈತಿ ಅನ್ನೋದು ಗೇಟ್ ಮುಂದಿನ ಚಹಾದಂಗಡಿಯವಗ ಎಲ್ಲಾರಕಿಂತ ಮೊದಲ ಗೊತ್ತಾಗ್ತೈತಿ. ಓಟಿ (ಹೆಚ್ಚಿನ ತಾಸಿನ ಕೆಲಸ) ನಿಂತ್ರ ಸಂಜೀ ಚಹಾ ಕಡಿಮಿ, ಆಮ್ಯಾಲ ರಾತ್ರಿ ಪಾಳಿ ಬಂದ್, ಆಮ್ಯಾಲ ಕಾಂಟ್ರ್ಯಾಕ್ಟ್ ಹುಡುಗ್ರಿಗೆ ನಾಳಿಂದ ಬರಬ್ಯಾಡ್ರಿ ಅಂತಾರ, ಕಡೀಕ ಹಳೇ ಮಂದೀನ ಒಬ್ಬೊಬ್ಬರನ್ನ ಆಫೀಸಿಗೆ ಕರೀತಾರ. ನಮ್ಮ ಕಂಪನಿಯೊಳಗೂ ಹಂಗ ಆತು. ಟ್ರ್ಯಾಕ್ಟರ್ ಪಾರ್ಟ್‌ಗಳ ಆರ್ಡರ್ ಕಮ್ಮಿ ಆದ್ವು, ಎರಕದ ಕಾಸ್ಟಿಂಗ್ ಇಲ್ಲಂದ್ರ ಇನ್ಸ್ಪೆಕ್ಷನ್‌ದಾಗ ಇದ್ದಾಂವ ನಾ ಏನ್ ತಪಾಸ್ ಮಾಡ್ಲಿ.

ಕರದು ಕುಂಡ್ರಿಸಿ ಒಂದು ಟೈಪ್ ಮಾಡಿದ ರಾಜೀನಾಮೆ ಮುಂದಿಟ್ರು. ಇದಕ್ಕ ಸಹಿ ಮಾಡ್ರಿ, ಸೆಟ್ಲ್‌ಮೆಂಟ್ ಲಗೂನ ಆಗ್ತೈತಿ ಅಂದ್ರು. ನಾ ಸಹಿ ಮಾಡಲಿಲ್ಲ, ನೀವ ತಗೀಲಾಕತ್ತೀರಿ ಅಂದ್ರ ತಗದೀವಿ ಅಂತ ಬರದು ಕೊಡ್ರಿ ಸರ್ ಅಂದೆ. ಇದನ್ನ ನಂಗ ಕಲಿಸಿದವ್ರು ನಮ್ಮ ಮೋಲ್ಡಿಂಗ್‌ನ ಒಬ್ಬ ಹಿರ್ಯಾರು, ಹಿಂದ ಯೂನಿಯನ್‌ದಾಗ ಓಡಾಡಿದವ್ರು. ಕೆಲಸ ಇಲ್ಲಂತ ಕಂಪನಿ ತಾನ ತಗದ್ರ, ವರ್ಷ ತುಂಬಿದ ಕಾರ್ಮಿಕಗ ಒಂದು ತಿಂಗಳ ನೋಟಿಸ್ ಇಲ್ಲಾ ಅದರ ಪಗಾರ ಕೊಡಬೇಕು, ಮ್ಯಾಲ ವರ್ಷಕ್ಕ 15 ದಿನದ ಪಗಾರದಂಗ ಪರಿಹಾರ ಕೊಡಬೇಕು. ನಾವ ರಾಜೀನಾಮೆ ಕೊಟ್ವಿ ಅಂದ್ರ ಆ ಪರಿಹಾರ ಕೇಳಾಕ ಬಾಯಿನ ಇರೂದಿಲ್ಲ.

ನನ್ನ ಜೊತಿ ಹೊರಗ ಬಿದ್ದವ್ರಾಗ ಭಾಳ ಮಂದಿ ಸಹಿ ಮಾಡಿ ಬಂದ್ರು. ಅವರೇನು ದಡ್ಡರಲ್ರಿ, ಡ್ರಾಯಿಂಗ್ ನೋಡಿದ್ರ ಮಿಲಿಮೀಟರ್‌ನಷ್ಟು ತಪ್ಪೂ ಹಿಡಿಯೋ ಮಂದಿ. ಆದ್ರ ಆ ಖೋಲ್ಯಾಗ ಇನ್ನೊಂದು ನಿಮಿಷ ಕುಂಡ್ರಾಕ ಅವರಿಗೆ ಆಗಲಿಲ್ಲ, ಹೊರಗ ಬರೂಮುಂದ ಯಾರ ಮುಖಾನೂ ನೋಡದ ಬಂದ್ರು, ಆಮ್ಯಾಲ ಆ ರಸ್ತೇನ ಬಿಟ್ರು, ಮೂರನೇ ರೈಲ್ವೆ ಗೇಟ್ ದಾಟಿ ಈ ಕಡೆ ಬರೂದನ್ನ ಬಿಟ್ರು. ತಮ್ಮ ಹಕ್ಕಿನ ರೊಕ್ಕ ಕೇಳಾಕ ಹೋಗೂದೂ ಭಿಕ್ಷಾ ಬೇಡಿದಂಗ ಅನಸ್ತೈತಿ ಅವರಿಗೆ. ನಾ ಇದನ್ನ ಬರಿಯೂದು ಇದಕ್ಕ ನೋಡ್ರಿ. ಕೆಲಸ ಹೋಗಿದ್ದು ಒಂದು ನುಕ್ಸಾನ, ಆ ನಾಚಿಕಿಂದ ಆಗೋದು ಇನ್ನೊಂದು ನುಕ್ಸಾನ, ಎರಡನೇದ್ದು ತಪ್ಪಸಾಕ ಬರ್ತೈತಿ.

ಗ್ರ್ಯಾಚುಟಿನ ತಗೋರಿ, ಅಂದ್ರ ದುಡದ ವರ್ಷಗಳ ಲೆಕ್ಕದಾಗ ಕೆಲಸ ಬಿಡೂಮುಂದ ಕಂಪನಿ ಕೊಡೋ ಇಡಿಗಂಟು. 1972ರಿಂದ ಈ ಹಕ್ಕು ಐತಿ. ಐದು ವರ್ಷ ಸತತ ದುಡದ್ರ ಸಿಗ್ತೈತಿ, ರಾಜೀನಾಮೆ ಕೊಟ್ಟವರಿಗೂ ಸಿಗ್ತೈತಿ. ಕಡೇ ತಿಂಗಳ ಬೇಸಿಕ್ (ಮೂಲ ಪಗಾರ) ಮತ್ತ ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಸ್ರಿ. ಬೇಸಿಕ್ ಡಿಎ ಕೂಡಿ 13,000 ಇದ್ದು 11 ವರ್ಷ ಮಾಡಿದ್ರ 82,500 ಆಗ್ತೈತಿ. ಮಗಳ ಕಾಲೇಜಿನ ಫೀ ಅದು! 30 ದಿನದಾಗ ಕೊಡಬೇಕಂತ ನಿಯಮ ಐತಿ, ಕೊಡದಿದ್ರ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಹಾಕಬೇಕು. ಬಾಯಿಲೆ ಕೇಳಿ ಬರಬ್ಯಾಡ್ರಿ, ಬರದು ಕೊಟ್ಟು ಝೆರಾಕ್ಸ್ ಮ್ಯಾಲ ಸಿಕ್ಕಾ ಹೊಡಿಸ್ಕೊಂಡು ಬರ್ರಿ.

ಪಿಎಫ್‌ದಾಗ ಒಂದು ತೊಡಕ ಬರ್ತೈತಿ, ಕಂಪನಿಯವ್ರು ಕೆಲಸ ಬಿಟ್ಟ ತಾರೀಖು ಹಾಕೂದ ಇಲ್ಲ. ಅದಕ್ಕ ಅವರ ಕಾಲು ಹಿಡಿಯೂದು ಬ್ಯಾಡ, ಕಡೇ ವಂತಿಗಿ ಜಮಾ ಆಗಿ ಎರಡು ತಿಂಗಳ ಆದಮ್ಯಾಲ ಪಿಎಫ್ ವೆಬ್‌ಸೈಟ್‌ದಾಗ ಆಧಾರ್ ಓಟಿಪಿಲೆ ಆ ತಾರೀಖು ನಾವ ಹಾಕಬಹುದು. ಇನ್ನ ಪಿಎಫ್‌ದಾಗಿನ ಪೆನ್ಶನ್ ಭಾಗ, ಅದನ್ನ ಮಾತ್ರ ಕಷ್ಟ ಅಂತ ತಗದು ತಿನಬ್ಯಾಡ್ರಿ ಅಂತ ಕೈ ಮುಗದು ಹೇಳ್ತೀನಿ, ಯಾಕಂದ್ರ 10 ವರ್ಷ ಸರ್ವಿಸ್ ತುಂಬಿದ್ರ ಮುಂದ ಪೆನ್ಶನ್ ಬರ್ತೈತಿ, ಎಂಟ ಒಂಬತ್ತ ವರ್ಷಕ್ಕ ತಗದ್ರ ಆ ಲೆಕ್ಕ ಅಳಿಸಿ ಹೋಗ್ತೈತಿ. ಸ್ಕೀಮ್ ಸರ್ಟಿಫಿಕೇಟ್, ಅಂದ್ರ ದುಡದ ವರ್ಷಗಳ ದಾಖಲೆ, ತಗೊಂಡು ಇಟ್ರ ಮುಂದಿನ ಕೆಲಸದಾಗ ಕೂಡಸ್ತಾರ.

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮಾ) ಇದ್ದವರಿಗೆ ಕೆಲಸ ಹೋದಾಗ ರೊಕ್ಕ ಕೊಡೋ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನಾ ಅಂತ ಐತಿ, 2018ರಾಗ ತಂದದ್ದು. ಶುರೂಕ ಸರಾಸರಿ ದಿನಗೂಲಿಯ ಕಾಲು ಭಾಗ ಕೊಡ್ತಿದ್ರು, 2020ರ ಲಾಕ್‌ಡೌನ್ ವ್ಯಾಳ್ಯಾಕ ಅರ್ಧ ಮಾಡಿದ್ರು, 90 ದಿನದವರೆಗೆ, ಜೀವನದಾಗ ಒಮ್ಮೆ. ಅವಧಿ ಆಗಾಗ ಮುಂದ ಹಾಕ್ಕೊಂತ ಬಂದಾರ, ಹಿಂಗಾಗಿ ಶಾಖಾ ಕಚೇರಿಯೊಳಗ ಈಗಿಂದು ಕೇಳ್ರಿ. ಇನ್ನೊಂದು, ಕೆಲಸ ಹೋದ ದಿನಾನ ಇಎಸ್‌ಐ ಔಷಧ ಬಂದ್ ಆಗೂದಿಲ್ಲ. ಎಪ್ರಿಲ್‌ದಿಂದ ಸೆಪ್ಟೆಂಬರ್‌ಮಟ ತುಂಬಿದ ವಂತಿಗಿ ಮುಂದಿನ ಜನವರಿಯಿಂದ ಜೂನ್‌ಮಟ ಕಾಯ್ತೈತಿ. ನಮ್ಮವ್ವನ ಬಿಪಿ ಗುಳಗಿ ಅಶೋಕ ನಗರದ ದವಾಖಾನಿಯಿಂದ ಈಗೂ ತರಾಕತ್ತೀನಿ.

ಮನಿ ವಿಚಾರ ಬಂದ್ರ, ಹೆಂಡತಿಗೆ ಅವತ್ತ ಸಂಜೀಕ ಹೇಳಿದೆ. ಆಕಿ ಭಾಳ ಹೊತ್ತು ಏನೂ ಮಾತಾಡಲಿಲ್ಲ, ಆಮ್ಯಾಲ "ರೀ, ಮೊದಲ ಸೊಸೈಟಿಗೆ ಹೋಗಿ ಹೇಳಿ ಬರೂಣು ನಡ್ರಿ" ಅಂದ್ಲು. ಸೊಸೈಟಿ ಸಾಲದ ಹಪ್ತೆ ತಪ್ಪೂಕಿಂತ ಮೊದಲ ಇಬ್ಬರೂ ಹೋಗಿ ಕುಂತು ಹೇಳಿದ್ದಕ್ಕ ಸದ್ಯಕ್ಕ ಬಡ್ಡಿ ಅಷ್ಟ ತುಂಬ್ರಿ ಅಂದ್ರು, ತಪ್ಪಿದಮ್ಯಾಲ ಹೋಗಿದ್ರ ಮಾತಿನ ಧಾಟಿನ ಬ್ಯಾರೆ ಇರ್ತಿತ್ತು. ಆಕಿ ಹೆಸರಿಗೆ ಬರೋ ಗೃಹಲಕ್ಷ್ಮಿಯ 2,000, ರೇಷನ್ ಅಕ್ಕಿ, ಬ್ಲೌಸ್ ಹೊಲಿದ ರೊಕ್ಕ, ಇಷ್ಟರ ಮ್ಯಾಲ ಅಡಗಿಮನಿ ನಡದೈತಿ. ಇದನ್ನ ಬಿಟ್ಟಿ ಅನ್ನೋರಿಗೆ ಒಮ್ಮೆ ಪಗಾರ ಇಲ್ಲದ ತಿಂಗಳದಾಗ ನಮ್ಮ ಮನಿಗೆ ಬಂದು ನೋಡ್ರಿ ಅಂತೀನಿ.

ಮದಿವಿ ಕಾರ್ಯಕ್ಕ ಹೋದಲ್ಲಿ "ಈಗ ಏನ್ ಮಾಡಾಕತ್ತೀರಿ" ಅಂತ ಕೇಳ್ತಾರಲ್ಲ, ಅದು ನೋವಾಗ್ತೈತಿ, ಸುಳ್ಳಲ್ಲ. ಆದ್ರೂ ಕೆಲಸ ಹೋಗೇತಿ, ಕ್ವಾಲಿಟಿಯೊಳಗ ಎಲ್ಲೆರೆ ಇದ್ರ ಹೇಳ್ರಿ ಅಂತ ಅಲ್ಲೇ ಹೇಳಿಬಿಡ್ತೀನಿ. ಹಂಗ ಹೇಳಿದ್ದಕ್ಕ ಬೈಲಹೊಂಗಲದ ಒಬ್ಬ ಬೀಗರು ಸಕ್ಕರಿ ಕಾರ್ಖಾನಿಯೊಳಗ ಸೀಸನ್ ಮುಗಿಯೂಮಟ ತೂಕದ ಕಾಂಟಾದ ಮ್ಯಾಲ ಕೆಲಸ ಐತಿ ಅಂದ್ರು. ಪಗಾರ ಮೊದಲಿಂದಕ್ಕಿಂತ ಕಡಿಮಿ, ಆದ್ರ ಹೊಂಟೇನಿ. ಮಚ್ಛೆಯ ಒಂದು ಮಷಿನ್ ಶಾಪ್‌ನವ್ರೂ ಆರ್ಡರ್ ಬಂದ್ರ ಕರಿತೀವಿ ಅಂದಾರ.

ಸಹಿ ಮಾಡಿ ಬಂದ ಗೆಳ್ಯಾರನ್ನ ಒಬ್ಬೊಬ್ಬರ ಮನಿಗೆ ಹೋಗಿ ಮಾತಾಡ್ಸಾಕತ್ತೀನಿ. ಇಬ್ಬರು ಒಪ್ಪ್ಯಾರ, ಸ್ವಾಮಾರ ಪಗಾರ ಚೀಟಿ, ಪಾಸ್‌ಬುಕ್ ಹಿಡಕೊಂಡು ಗ್ರ್ಯಾಚುಟಿ ಅರ್ಜಿ ಬರಿಯಾಕ ನಮ್ಮ ಮನಿಗೆ ಬರ್ತಾರ. ಮೂರನೆಯವಾ ಇನ್ನೂ ಫೋನ್ ಎತ್ತವಲ್ಲ, ನಾಳೆ ಪೀರನವಾಡಿಗೆ ಅವನ ಮನೀಗೇ ಹೋಗ್ತೀನಿ.