ಟರ್ಮನ್ ಹೊಳೆಯ ಆಚೆ ಈಚೆ: ಗಡಿಯೂರು ಪೆಟ್ಟಿಗೊ

ಐರ್ಲೆಂಡಿನ ಡೊನಿಗಾಲ್ ಪಟ್ಟಣದಿಂದ ದಕ್ಷಿಣಕ್ಕೆ ಹೊರಟು, ಲಾಹಿಯಲ್ಲಿ ಆರ್232 ರಸ್ತೆ ಹಿಡಿದರೆ ಪೆಟ್ಟಿಗೊ ಸಿಗುತ್ತದೆ. ಗಡಿ ಎಂದೊಡನೆ ಬೇಲಿ, ಬಂದೂಕು ನೆನಪಾಗುವ ನಮಗೆ ಇಲ್ಲಿ ಕಾಣುವುದು ಟರ್ಮನ್ ಎಂಬ ಒಂದು ಪುಟ್ಟ ಹೊಳೆ, ಅದರ ಮೇಲೊಂದು ಸೇತುವೆ. ಒಂದು ದಡ ಐರ್ಲೆಂಡ್ ಗಣರಾಜ್ಯದ ಡೊನಿಗಾಲ್ ಕೌಂಟಿ. ಇನ್ನೊಂದು, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಫರ್ಮ್ಯಾನಾ. ಆ ಬದಿಯ ಕೇರಿಗೆ ಟುಲ್ಲಿಹೊಮನ್ ಎಂಬ ಬೇರೆ ಹೆಸರಿದೆ, ಆದರೆ ಊರು ಒಂದೇ.

ಗಡಿ ದಾಟಿದ್ದು ಗೊತ್ತಾಗುವುದು ಸಣ್ಣಪುಟ್ಟ ಗುರುತುಗಳಿಂದ. ಈಚೆ ಅಂಚೆ ಡಬ್ಬಿ ಹಸಿರು, ಆಚೆ ಕೆಂಪು. ರಸ್ತೆಯಂಚಿನ ಹಳದಿ ಗೆರೆ ಆಚೆ ಬಿಳಿಯಾಗುತ್ತದೆ, ಯೂರೋ ಹೋಗಿ ಪೌಂಡ್ ಬರುತ್ತದೆ. ಕಾರು ಓಡಿಸುವವರು ಎಡವುವುದು ವೇಗದ ಫಲಕದಲ್ಲಿ. ಡೊನಿಗಾಲ್ ಕಡೆ 60 ಅಂದರೆ ಕಿಲೋಮೀಟರ್, ಫರ್ಮ್ಯಾನಾ ಕಡೆ 60 ಅಂದರೆ ಮೈಲಿ, ಸುಮಾರು 97 ಕಿ.ಮೀ. ಉತ್ತರದಲ್ಲಿ ಬಾಡಿಗೆಗೆ ಪಡೆದ ಕಾರಿನ ಮೀಟರಿನಲ್ಲಿ ಮೈಲಿಯೇ ದೊಡ್ಡದಾಗಿರುತ್ತದೆ. ಸೇತುವೆ ದಾಟಿ ಡೊನಿಗಾಲ್‌ಗೆ ಬಂದ ಮೇಲೂ ಅದನ್ನೇ ನೋಡುತ್ತಿದ್ದರೆ ವೇಗ ಮಿತಿ ಮೀರುತ್ತದೆ. ಕಾರಿನ ವಿಮೆ ಎರಡೂ ಕಡೆಗೆ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಸೇತುವೆಯ ಮೇಲೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ, ಹಾಗೆಂದು ವೀಸಾ ಬೇಡವೆಂದಲ್ಲ. ಡಬ್ಲಿನ್‌ನಲ್ಲಿ ನೆಲೆಸಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಹೊಂದಿದ್ದರೆ, ಐರ್ಲೆಂಡಿನ ವಾಸದ ಪರವಾನಗಿ ಇದ್ದರೂ ಆಚೆ ಕಾಲಿಡಲು ಬ್ರಿಟನ್ನಿನ ವೀಸಾ ಬೇಕು. ಭಾರತದಿಂದ ಬರುವ ಪ್ರವಾಸಿಗರಾದರೆ ವೀಸಾದ ಮೇಲೆ 'ಬಿಐವಿಎಸ್' (ಬ್ರಿಟನ್-ಐರ್ಲೆಂಡ್ ಜಂಟಿ ವೀಸಾ ಯೋಜನೆ) ಎಂಬ ನಮೂದಿದೆಯೇ ನೋಡಿ. ಇದ್ದರೆ ಎರಡೂ ಕಡೆ ಓಡಾಡಬಹುದು, ಆದರೆ ಮೊದಲು ಇಳಿಯಬೇಕಾದ್ದು ವೀಸಾ ಕೊಟ್ಟ ದೇಶದಲ್ಲೇ.

ಹೊಳೆ ಗಡಿಯಾದದ್ದು 1921ರ ವಿಭಜನೆಯಲ್ಲಿ. ಊರಿನವರ ಬದುಕು ನೋಡಿ ಎಳೆದ ಗೆರೆಯಲ್ಲ ಅದು. ಹಳೆಯ ಕೌಂಟಿ ಎಲ್ಲೆಯನ್ನೇ ದೇಶದ ಎಲ್ಲೆ ಮಾಡಿದರು. ಅನ್ಯಾಯ ಶುರುವಾದದ್ದು ಅಲ್ಲೇ. 1922ರ ಜೂನ್‌ನಲ್ಲಿ ಬ್ರಿಟಿಷ್ ಸೇನೆ ಫಿರಂಗಿ ಹಾರಿಸಿ ಊರನ್ನು ವಶಪಡಿಸಿಕೊಂಡಿತು. ಆಗ ಮಡಿದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಹೋರಾಟಗಾರರ ನೆನಪಿಗೆ ಬಂದೂಕು ಹಿಡಿದ ಯೋಧನ ಪ್ರತಿಮೆ ಇದೆ. 1923ರ ಏಪ್ರಿಲ್‌ನಲ್ಲಿ ಸುಂಕದ ಕಟ್ಟೆಗಳು ಬಂದವು. ಸುಂಕದ ತಪಾಸಣೆ ನಿಂತದ್ದು 1993ರಲ್ಲಿ.

ಊರಿಗೆ ಜೀವ ತುಂಬಿದ್ದು ಡೊನಿಗಾಲ್ ಕರಾವಳಿಯ ಬಂಡೋರನ್‌ಗೆ ಹೋಗುವ ರೈಲು. 1866ರಲ್ಲಿ ಬಂತು, ಗಡಿಯನ್ನು ಮತ್ತೆ ಮತ್ತೆ ದಾಟುತ್ತಲೇ ಓಡಿತು, 1957ರಲ್ಲಿ ಉತ್ತರದ ಸರ್ಕಾರ ಮುಚ್ಚಿಸಿತು. ಆ ರೈಲಿನಲ್ಲಿ ಬಂದು ಇಲ್ಲಿಳಿಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಲಾಕ್ ಡರ್ಗ್ ಸರೋವರದ ಯಾತ್ರಿಕರು. ಟರ್ಮನ್ ಎಂಬ ಮಾತಿಗೇ ಚರ್ಚಿನ ಆಶ್ರಯಭೂಮಿ ಎಂದರ್ಥ. ಹೊಳೆಗೆ ಹೆಸರು ಬಂದದ್ದೇ ಆ ಆಶ್ರಯಭೂಮಿಯಿಂದ.

ಊರಿಂದ ಸರೋವರ ಸುಮಾರು 7 ಕಿ.ಮೀ. ಸಂತ ಪ್ಯಾಟ್ರಿಕ್ಕನ ಹೆಸರಿನ ಮೂರು ದಿನದ ವ್ರತ ಜೂನ್ ಆರಂಭದ ಹೊತ್ತಿನಿಂದ ಆಗಸ್ಟ್ ಮಧ್ಯದವರೆಗೆ ನಡೆಯುತ್ತದೆ. ದೋಣಿಯಲ್ಲಿ ದ್ವೀಪಕ್ಕಿಳಿದು ಬರಿಗಾಲಾಗಬೇಕು. ಮೊದಲ ರಾತ್ರಿ ಜಾಗರಣೆ, ಮರುರಾತ್ರಿಯವರೆಗೂ ನಿದ್ದೆಯಿಲ್ಲ. ದಿನಕ್ಕೊಂದೇ ಹೊತ್ತು ಒಣ ಬ್ರೆಡ್ಡು, ಹಾಲಿಲ್ಲದ ಚಹಾ. ಪ್ರಾರ್ಥನೆಯ 'ಹಾಸಿಗೆ'ಗಳು ಚೂಪುಗಲ್ಲಿನ ವೃತ್ತಗಳು. ಮಳೆಯಲ್ಲಿ ಕಾಲು ಜಾರುತ್ತದೆ. ಬೆಚ್ಚನೆಯ ಬಟ್ಟೆ, ಮಳೆಕೋಟು, ಸೊಳ್ಳೆಗಿಂತ ಸಣ್ಣ ಕಡಿಯುವ ನೊಣಗಳಿಗೆ ಔಷಧ ಮರೆಯಬೇಡಿ. ಮೂರನೆಯ ಬೆಳಿಗ್ಗೆ ದೋಣಿ ದಡ ಮುಟ್ಟಿದರೂ ಉಪವಾಸ ಮುಗಿಯುವುದು ಅಂದಿನ ನಡುರಾತ್ರಿಗೆ. ಪೆಟ್ಟಿಗೊ ಅಂಗಡಿಗಳ ಮುಂದೆ ಹಸಿದುಕೊಂಡೇ ಮನೆಯ ದಾರಿ ಹಿಡಿಯಬೇಕು.