ಸೋನಾ ಮಸೂರಿ ರಫ್ತು ಕರಾರಿನ ಕರಡು: ಕಗ್ಗಂಟಿನ ಕಲಮಿಗೆ ಬಂದೆ

ಗಂಗಾವತಿಯ ಗಿರಣಿಯವರಿಗೆ ಉಪಯೋಗವಾಗಲಿ ಎಂದು ಸಂಜೆ ಹೊತ್ತು ಕನ್ನಡದಲ್ಲಿ ಬರೆಯುತ್ತಿರುವ ಮಾದರಿ ಕರಾರಿನಲ್ಲಿ ತೇವಾಂಶ, ನುಚ್ಚು, ಚೀಲ, ಹಣ ಪಾವತಿ ಎಲ್ಲ ಮುಗಿದವು. ಈಗ ಉಳಿದದ್ದು ಸಹಿ ಬಿದ್ದ ಮೇಲೆ ಪರಿಸ್ಥಿತಿಯೇ ತಿರುಗಿಬಿದ್ದರೆ ಏನು ಎನ್ನುವ ಕಲಮು.

ಓದಿದ ಪ್ರಕರಣಗಳಲ್ಲಿ ಬಿಡದೆ ಹಿಡಿದವು ಎರಡು. ಎರಡೂ ಶೇಂಗಾದ್ದೇ, ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲದ ಮಾಲು. 1956ರ ಅಕ್ಟೋಬರಿನಲ್ಲಿ ಸಕಿರೊಗ್ಲು ಕಂಪನಿ ಸುಡಾನಿನ ಶೇಂಗಾವನ್ನು ಹ್ಯಾಂಬರ್ಗ್‌ಗೆ ಮಾರಿತು. ನವೆಂಬರಿನಲ್ಲಿ ಸೂಯೆಜ್ ಕಾಲುವೆ ಬಂದ್. ಆಫ್ರಿಕಾ ಸುತ್ತಿ ಹೋಗಲು ಹಡಗಿನ ಬಾಡಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಕಂಪನಿ ಮಾಲು ಕಳಿಸಲಿಲ್ಲ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ: ದುಬಾರಿಯಾಯಿತು ನಿಜ, ದಾರಿಯಂತೂ ಇತ್ತಲ್ಲ! ಇಂಡೊನೇಷ್ಯಾ ಕಲ್ಲಿದ್ದಲು ತುಟ್ಟಿಯಾದಾಗ ನಮ್ಮ ಸುಪ್ರೀಂ ಕೋರ್ಟೂ 2017ರಲ್ಲಿ ಹೀಗೇ ಹೇಳಿತು.

ನಮ್ಮ ದೇಶದ ಸಹಕಾರಿ ಮಾರಾಟ ಸಂಸ್ಥೆ ನಾಫೆಡ್ ಮತ್ತು ಅದರಿಂದ ಶೇಂಗಾ ಕೊಂಡಿದ್ದ ವಿದೇಶಿ ಕಂಪನಿ ಅಲಿಮೆಂಟಾ ಪ್ರಕರಣದಲ್ಲಿ ಮಾತ್ರ ಫಲ ಬೇರೆ. 1980ರಲ್ಲಿ ಸರ್ಕಾರ ರಫ್ತಿಗೆ ಅನುಮತಿ ಕೊಡಲಿಲ್ಲ. ಸರ್ಕಾರ ರಫ್ತು ತಡೆದರೆ ಉಳಿದ ಭಾಗ ರದ್ದು ಎಂದು ಕರಾರಿನಲ್ಲೇ ಬರೆದಿತ್ತು. ಆದ್ದರಿಂದ 2020ರಲ್ಲಿ ಸುಪ್ರೀಂ ಕೋರ್ಟ್ ಕರಾರು ಕಾಯ್ದೆಯ 56ನೇ ಸೆಕ್ಷನ್ (ಕೆಲಸವೇ ಅಸಾಧ್ಯವಾದರೆ ಕರಾರು ರದ್ದು) ಬಿಟ್ಟು 32ನೆಯದನ್ನು (ಇಂಥದ್ದು ನಡೆದರೆ ಹೀಗೆ ಎಂದು ಕರಾರಿನಲ್ಲೇ ಬರೆದಿದ್ದರೆ ಅದರಂತೆ) ಹಿಡಿಯಿತು. ನಾಫೆಡ್ ಪರಿಹಾರ ಕೊಡಬೇಕೆಂದ ಲಂಡನ್ನಿನ ಪಂಚಾಯ್ತಿ (ಆರ್ಬಿಟ್ರೇಷನ್) ತೀರ್ಪು ಇಲ್ಲಿ ಜಾರಿಯಾಗಲಿಲ್ಲ. ಅದು ಮುಗಿಯಲು ನಾಲ್ಕು ದಶಕ!

2023ರ ಜುಲೈ 20ರಂದು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಂತದ್ದನ್ನು ಗಂಗಾವತಿ, ಸಿಂಧನೂರಿನವರು ಮರೆತಿಲ್ಲ. ಆಗಲೇ ಹಡಗಿಗೆ ತುಂಬಲು ಶುರುವಾಗಿದ್ದ ಸರಕಿಗೆ ವಿನಾಯಿತಿ ಇತ್ತು, ಗೋದಾಮಿನಲ್ಲಿದ್ದದ್ದಕ್ಕೆ ಇರಲಿಲ್ಲ. ಹಾಗಾಗಿ ನನ್ನ ಕರಡಿನಲ್ಲಿ ನಿಷೇಧಕ್ಕೆ ಒಂದು ಕಲಮು, ರಫ್ತು ಸುಂಕ ಹಾಗೂ ಬಾಡಿಗೆ ಏರಿಕೆಗೆ ಇನ್ನೊಂದು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದ ಮಾದರಿಗಳನ್ನು ನಾನಂತೂ ನಂಬುವುದಿಲ್ಲ.

ಎರಡನೆಯದಕ್ಕೆ, ದೇಶದೇಶಗಳ ನಡುವಿನ ವ್ಯಾಪಾರ ಕರಾರುಗಳಿಗೆಂದು ಯುನಿಡ್ರಾ (UNIDROIT) ಸಂಸ್ಥೆ ರೂಪಿಸಿದ ತತ್ವಗಳಲ್ಲಿನ ಹಾರ್ಡ್‌ಶಿಪ್, ಅಂದರೆ ಕರಾರು ವಿಪರೀತ ಹೊರೆಯಾದಾಗಿನ, ನಿಯಮದ ಆಧಾರ ತೆಗೆದುಕೊಂಡೆ: ತಡಮಾಡದೆ, ಕಾರಣ ಕೊಟ್ಟು ಮರುಮಾತುಕತೆ ಕೇಳಬಹುದು, ಕೇಳಿದ ಮಾತ್ರಕ್ಕೆ ಮಾಲು ನಿಲ್ಲಿಸುವಂತಿಲ್ಲ. ಈ ಕೊನೆಯ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ. ಎಷ್ಟು ಏರಿದರೆ ಮಾತುಕತೆ? 1994ರ ಯುನಿಡ್ರಾ ಟಿಪ್ಪಣಿಯಲ್ಲಿ ಶೇ 50 ಎಂದಿತ್ತು, ಆಮೇಲೆ ಕೈಬಿಟ್ಟರು. ಪರಿಚಯದ ಗಿರಣಿ ಮಾಲೀಕರು ಶೇ 15 ಅನ್ನುತ್ತಾರೆ. ದುಬೈ ಖರೀದಿದಾರ ಅದಕ್ಕೆ ಸಹಿ ಹಾಕಿದ ಹಾಗೇ! ಸದ್ಯ ಆ ಜಾಗ ಖಾಲಿ ಬಿಟ್ಟು, ಪಂಚಾಯ್ತಿ ಎಲ್ಲಿ ನಡೆಯಬೇಕೆನ್ನುವ ಕಲಮಿಗೆ ಹೊರಟಿದ್ದೇನೆ.